ಗಿರಿಜಾ ಮೀಸೆಯ ಹುಲಿ

ಸೋಮವಾರ ಬೆಳಿಗ್ಗೆ ಕಿರಂಗೂರಿನ ದೇವಯ್ಯ ಸೊಸೆಯ ಕೈಹಿಡಿದು ಶ್ರೀರಂಗಪಟ್ಟಣ ಠಾಣೆಗೆ ಬಂದು ಕಳವಿನ ದೂರು ಕೊಟ್ಟರು. ಹೋಗಿದ್ದು ಚಿನ್ನವಲ್ಲ, ಬಣ್ಣದ ಚಿತ್ರಗಳಿದ್ದ, ಕಾಡಿನ ಸಾಹಸದ ಹಳೇ ಕಾದಂಬರಿ. ಬರೆಯುತ್ತಿದ್ದ ಪೇದೆ ಪೆನ್ನು ಕೆಳಗಿಟ್ಟ. ಇನ್‌ಸ್ಪೆಕ್ಟರ್ ಶಿವಶಂಕರ್ ಗದರಿದರು. "ಪುಸ್ತಕ ಕದ್ದರೂ ಕಳ್ಳತನವೇ ಕಣಯ್ಯ, ಬರಿ."

"ಗುರುತೇನು?"

"ಹುಲಿ ಚಿತ್ರಕ್ಕೆ ಇಂಕಲ್ಲಿ ಗಿರಿಜಾ ಮೀಸೆ ಎಳ್ದದೆ ಸಾ. ನಾವ್ ಚಿಕ್ಕೋರಾಗಿದ್ದಾಗಿನ ತರ್ಲೆ." ದೇವಯ್ಯನ ದನಿ ಕುಗ್ಗಿತು. "ಕಣ್ಣಿನ ನರ ಒಣಗ್ತಾ ಅದೆ. ಯುಗಾದಿ ಒಳ್ಗೆ ಪೂರ್ತಿ ಕತ್ಲಂತೆ. ಅಷ್ಟ್ರೊಳ್ಗೆ ಇನ್ನೊಂದ್ಸಲ ಆ ಹುಲಿ ನೋಡ್ಬೇಕು ಸಾ."

ಎಫ್‌ಐಆರ್ ಆಯಿತು. ಪಂಚನಾಮೆ ವೇಳೆ ನೋಡಿದರೆ ಬೀರುವಿನ ಬೀಗ ಒಡೆದಿಲ್ಲ, ಪಕ್ಕದಲ್ಲಿದ್ದ ಸರ ಹಾಗೇ ಇದೆ. ಮನೆಯಲ್ಲಿ ಸಲಿಗೆ ಇದ್ದವರದೇ ಕೆಲಸ. ಯಾರ ಹೆಸರು ಎತ್ತಿದರೂ ದೇವಯ್ಯ, "ನಮ್ಮೋರು ಅಂತೋರಲ್ಲ ಬುಡಿ" ಎಂದುಬಿಡುತ್ತಿದ್ದರು.

ಗುರುವಾರ ಪಾಂಡವಪುರದಿಂದ ಪೇದೆ ಅರ್ಪಿತ ಫೋನ್ ಮಾಡಿದಳು. "ಸಾರ್, ಕಬ್ಬಿನ ಟ್ರೇಲರ್ ಹಿಂದೆ ಹುಲಿ ಬರೆದವ್ರೆ. ಗಿರಿಜಾ ಮೀಸೆ ಬಿಟ್ಟದೆ!"

ಟ್ರಾಕ್ಟರ್ ಓಡಿಸುತ್ತಿದ್ದ ಕುಮಾರ್ ನಕ್ಕ. "ಗಂಜಾಂ ರಹಮತುಲ್ಲಾ ಸಾಬ್ರು ಬರ್ದಿದ್ದು. ಮೀಸೆ ಯಾಕೆ ಅಂದ್ರೆ, ಹುಲಿ ಇರೋದೇ ಇಂಗೆ ಕಣ್ಲಾ ಅಂದ್ಬುಟ್ರು."

ಗಂಜಾಂನ ರಹಮತುಲ್ಲಾ ಅವರ ಶೆಡ್ಡಿನಲ್ಲಿ ಪುಸ್ತಕ ಒಗೆದ ಟವೆಲ್ಲಿನ ಮೇಲೆ ಜೋಪಾನವಾಗಿತ್ತು. ಗೋಡೆಗೆ ಆಳೆತ್ತರದ ತಗಡುಗಳು. ಒಂದರಲ್ಲಿ ಆನೆ, ಒಂದರಲ್ಲಿ ತೆಪ್ಪ, ಒಂದರಲ್ಲಿ ಹುಲಿ.

"ಯಾಕೆ ಕದ್ದಿರಿ?"

"ದೇವಯ್ಯ ನನ್ ಚಿಕ್ಕಂದಿನ ಗೆಳೆಯ. ಅದ್ನ ಹೊಸ್ಲು ದಾಟ್ಸಾಕೆ ಅವ್ನು ಬುಡಾಕಿಲ್ಲ ಸಾರ್. ಮೊನ್ನೆ ಭೂತಗನ್ನಡಿ ಹಿಡ್ಕಂಡು, ಹುಲಿ ಎಲ್ಲದೆ ಅಂತ ನನ್ನೇ ಕೇಳ್ದ. ಅದ್ಕೇ ದೊಡ್ಡದಾಗಿ ಬರೀತಾ ಇವ್ನಿ. ಮುಗಿಸಿ ಹೇಳಾವ ಅಂತಿದ್ದೆ."

ಶಿವಶಂಕರ್ ರಹಮತುಲ್ಲಾರನ್ನು ಬಂಧಿಸಿದರು. ತಗಡುಗಳೂ ಕುಮಾರನ ಟ್ರೇಲರಿನಲ್ಲಿ ಠಾಣೆಗೆ ಬಂದವು.

ದೇವಯ್ಯ ಬಂದವರು ಹುಲಿಯ ಮುಂದೆ ನಿಂತೇಬಿಟ್ಟರು. "ಅಯ್ಯೋ, ಮೀಸೆ ಕಾಣ್ತದೆ!" ಆಮೇಲೆ ತಿರುಗಿದರು. "ನೀನೇನ್ಲಾ ಕದ್ದಿದ್ದು, ರಹಮತ್ತು? ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೊಡ್ತಿರ್ಲಿಲ್ಲ ಕಣ್ಲಾ."

ದೇವಯ್ಯ ಮತ್ತೆ ಹುಲಿಯ ಕಡೆ ತಿರುಗಿದರು. "ಊಂ, ಕೊಡ್ತಿರ್ಲಿಲ್ಲ."

"ಬಣ್ಣ ದಪ್ಪಕ್ಕೆ ಬಳ್ದಿವ್ನಿ. ಕತ್ಲಾದ್ಮೇಲೂ ಕೈಯಾಡ್ಸಿದ್ರೆ ಸಿಕ್ತದೆ."

ದೇವಯ್ಯ ಕಣ್ಣು ಮುಚ್ಚಿ, ಬೆರಳಿನಿಂದ ಮೀಸೆಯನ್ನು ತುದಿಯವರೆಗೂ ಸವರಿದರು.

ಪುಸ್ತಕ ಸದ್ಯಕ್ಕೆ ನ್ಯಾಯಾಲಯದ ವಶಕ್ಕೆ ಹೋಗಬೇಕಿತ್ತು. ತಗಡುಗಳು ಕಳವಿನ ಮಾಲಲ್ಲ, ಕಿರಂಗೂರಿಗೆ ಹೋದವು. ಆರೋಪಿಗೆ ಜಾಮೀನು ಯಾರು ಎಂದು ಕೇಳಿದಾಗ ದೂರುದಾರರೇ ಪೆನ್ನಿಗೆ ಕೈಚಾಚಿದರು. ಸಹಿ ಹಾಕುವ ಜಾಗ ಕಾಣಲಿಲ್ಲ. ರಹಮತುಲ್ಲಾ ಬೆರಳಿಟ್ಟು ತೋರಿಸಿದರು.