ಬಸ್ಸು ತಿನ್ನುವ ಅಬ್ಬ

“ವೆನ್ ಮೈ ಫಾದರ್ ಈಟ್ಸ್ ದಿ ಬಸ್...” ಎಂದು ಓದಿ ಗಿರಿಜಾಂಬಾ ಟೀಚರ್ ನಿಲ್ಲಿಸಿದರು. ಕನ್ನಡಕದ ಮೇಲಿನಿಂದ ರಶೀದಾಳನ್ನು ನೋಡಿದರು. “ಅಂದ್ರೆ, ನನ್ನ ಅಪ್ಪ ಬಸ್ಸನ್ನು ತಿನ್ನುವಾಗ. ಇಡೀ ಬಸ್ಸೇನಮ್ಮಾ?”

ಆರನೇ ಕ್ಲಾಸು ಬೆಂಚು ಬಡಿದು ನಕ್ಕಿತು.

ರಶೀದಾ ಅದನ್ನು ಜಂಬದಿಂದಲೇ ಬರೆದಿದ್ದಳು. ಅವಳ ಅಬ್ಬ ನಸರುಲ್ಲಾ ಮೂಡಿಗೆರೆ ಬಸ್ಸಿನ ಡ್ರೈವರ್. ಮಧ್ಯಾಹ್ನ ಅವಳ ಶಾಲೆಯಿರುವ ಬಣಕಲ್ಲಿನಲ್ಲೇ ಬಸ್ಸು ನಿಲ್ಲಿಸಿ ಊಟ ಮಾಡುತ್ತಾರೆ. ಅಬ್ಬ ಊಟ ಮಾಡುವಾಗ ಬಸ್ಸು ಕಾಯುತ್ತದೆ, ಒಳಗಿರುವ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳೂ ತೆಪ್ಪಗೆ ಕಾಯುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ “ವೆನ್ ಮೈ ಫಾದರ್ ಈಟ್ಸ್ ದಿ ಬಸ್ ವೇಟ್ಸ್” ಎಂದು ಹೇಳಲು ಹೋಗಿದ್ದಳು.

“ಈಟ್ಸ್ ಆದ ಕೂಡ್ಲೇ ಒಂದು ಕಾಮಾ ಹಾಕ್ಬೇಕು,” ಎಂದರು ಟೀಚರ್. “ವಾಕ್ಯದ ಮೊದಲ ತುಂಡು ಅಲ್ಲಿಗೆ ಮುಗೀತು. ಬಸ್ಸು ಎರಡನೇ ತುಂಡಿಗೆ ಸೇರಿದ್ದು. ಕಾಮಾ ಹಾಕದಿದ್ರೆ ನಿಮ್ಮಪ್ಪನ ಹೊಟ್ಟೆಗೆ ಸೇರ್ತದೆ. ಸರಿ ಮಾಡಿ ಹತ್ತು ಸಲ ಬರ್ಕೊಂಡು ಬಾ.”

ಊಟದ ಬೆಲ್ ಹೊಡೆಯಿತು. ಅಮ್ಮಿ ಬೆಳಿಗ್ಗೆ ಕೊಟ್ಟಿದ್ದ ಅಬ್ಬನ ಬುತ್ತಿ ಹಿಡಿದು ರಶೀದಾ ಹೊರಟಳು. ಅವಳ ಕ್ಲಾಸಿನ ಗುರುವಯ್ಯ ಬೆನ್ನಿಗೆ ಬಿದ್ದ.

“ಟೈರಿಗೆ ಚಟ್ನಿ ಹಚ್ಕೊಳ್ತಾರಾ, ಹಾಗೇ ನುಂಗ್ತಾರಾ?”

“ನಿನ್ನ ತಲೆ ನಂಚ್ಕೊಳ್ತಾರೆ. ಬಾ, ತೋರಿಸ್ತೇನೆ.”

ದಾರಿಯಲ್ಲಿ ಮೂರು ಸಲ ನಿಂತು ಜಗಳವಾಡಿದರು. ಬಸ್ಸಿನ ಬಳಿ ಬಂದಾಗ ಅಬ್ಬ ರಸ್ತೆಯನ್ನೇ ನೋಡುತ್ತ ನಿಂತಿದ್ದರು.

“ಲೇಟಾಯ್ತಲ್ಲ ಬೇಟಿ,” ಎಂದಷ್ಟೇ ಹೇಳಿ, ನಿಂತಲ್ಲೇ ಬುತ್ತಿ ಬಿಚ್ಚಿದರು.

ನಾಲ್ಕು ತುತ್ತು ಒಳಗೆ ಹೋಗಿತ್ತೋ ಇಲ್ಲವೋ, ಕಿಟಕಿಯಿಂದ ಒಂದು ತಲೆ ಹೊರಬಂತು. “ಡ್ರೈವರೇ, ನಂಗೆ ಕೋರ್ಟಿದೆ ಮಾರಾಯ್ರೆ. ಊಟ ಆಮೇಲೆ ಮಾಡಿ.” ಯಾರೋ ಬಸ್ಸಿನ ತಗಡು ಬಡಿದರು. ಕಂಡಕ್ಟರ್ ವಿಶಲ್ ಊದಿದ. ಅಬ್ಬ ಬುತ್ತಿ ಮುಚ್ಚಿ ರಶೀದಾಳಿಗೆ ಕೊಟ್ಟು, ಕೈ ತೊಳೆದು ಬಸ್ಸು ಹತ್ತಿದರು.

ಬಸ್ಸು ಹೋದ ಮೇಲೆ ಗುರುವಯ್ಯ ಬುತ್ತಿಯ ಮುಚ್ಚಳ ತೆಗೆದು ಇಣುಕಿದ. ಅನ್ನ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

“ದಿನಾ ಇಷ್ಟೇನಾ ತಿನ್ನೋದು?”

ರಶೀದಾಳಿಗೆ ಗೊತ್ತಿರಲಿಲ್ಲ. ದಿನವೂ ಬುತ್ತಿ ಕೊಟ್ಟವಳೇ ಕಿಟಕಿಯ ಮುಖಗಳನ್ನು ಎಣಿಸುತ್ತಿದ್ದಳು. ಇಷ್ಟು ಜನರನ್ನು ನನ್ನ ಅಬ್ಬ ನಿಲ್ಲಿಸಿದ್ದಾರೆ ಎಂದು. ವಾಪಸು ಬರುವ ಬುತ್ತಿ ಯಾವಾಗಲೂ ಭಾರವಾಗಿಯೇ ಇರುತ್ತಿತ್ತು. ಯಾಕೆಂದು ಅವಳು ಒಮ್ಮೆಯೂ ನೋಡಿರಲಿಲ್ಲ.

ಸಂಜೆ ನೋಟ್‌ಬುಕ್ ತೆರೆದು, ಈಟ್ಸ್ ಆದ ಮೇಲೆ ದಪ್ಪಗೆ ಕಾಮಾ ಹಾಕಿ ಒಂದು ಸಲ ಬರೆದಳು. ಕಾಮಾ ಸರಿಯಿತ್ತು. ಉಳಿದದ್ದೆಲ್ಲ ಸುಳ್ಳು. ಅದನ್ನು ಹೊಡೆದುಹಾಕಿ, “ವೆನ್ ದಿ ಬಸ್ ವೇಟ್ಸ್, ಮೈ ಫಾದರ್ ಈಟ್ಸ್” ಎಂದು ಹತ್ತು ಸಲ ಬರೆದಳು. ಬಸ್ಸು ಕಾದಾಗ ಮಾತ್ರ ಅಬ್ಬನಿಗೆ ಊಟ.

“ಕಾಮಾ ಸರಿಯಿದೆ,” ಎಂದರು ಮರುದಿನ ಟೀಚರ್. “ಆದ್ರೆ ವಾಕ್ಯವನ್ನೇ ತಿರುಗಿಸಿಬಿಟ್ಟಿದ್ದೀಯಲ್ಲ.”

“ನಡೆಯೋದು ಹಾಗೇ ಟೀಚರ್.”

ಟೀಚರ್ ಅವಳನ್ನೊಮ್ಮೆ ನೋಡಿ, ಟಿಕ್ ಹಾಕಿದರು.

ಅಂದು ಊಟದ ಬೆಲ್ ಹೊಡೆದಾಗ ಗುರುವಯ್ಯ ಹಿಂದಿನಿಂದ ಏನೋ ಕೂಗಿದ. ಅವನನ್ನು ಆಮೇಲೆ ವಿಚಾರಿಸಿಕೊಂಡರಾಯಿತು ಎಂದುಕೊಂಡು, ರಶೀದಾ ಬುತ್ತಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ರಸ್ತೆಯತ್ತ ಓಡಿದಳು.