ಸುಣ್ಣದ ಮೀಸೆ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಏಳುಕೆರೆ ಎಂಬ ರಾಜ್ಯವಿತ್ತು. ಅದರ ಬಡಗಣ ಬೆಟ್ಟದ ಗುಹೆಯಲ್ಲಿ ಧೂಮ್ರಕ ಎಂಬ ಮಾಂತ್ರಿಕನಿದ್ದ. ಅವನಿಗೆ ಸ್ವಂತ ಉಸಿರಿರಲಿಲ್ಲ. ಒಂದು ಬೂದುಬೆಕ್ಕು ಸಾಕಿದ್ದ. ಅದು ಊರಿಗೆ ಇಳಿದು, ಜನರ ಉಸಿರು ಕುಡಿದು, ತಂದು ಅವನಿಗೆ ಕೊಡುತ್ತಿತ್ತು.

ಒಬ್ಬರೇ ಸಿಕ್ಕರೆ ಬೆಕ್ಕು ಬೆಕ್ಕಾಗಿಯೇ ಉಳಿಯುತ್ತಿತ್ತು. ಅವರಿಗೆ ಸ್ವಲ್ಪ ಜ್ವರ ಬಂದು ಹೋಗುತ್ತಿತ್ತು. ಗುಂಪು ಸಿಕ್ಕರೆ ಅದು ಹುಲಿಯಾಗುತ್ತಿತ್ತು, ಆನೆಯಾಗುತ್ತಿತ್ತು. ಆಗ ಯಾರೂ ಉಳಿಯುತ್ತಿರಲಿಲ್ಲ. ಮನೆಯ ಹೊಸ್ತಿಲನ್ನು ಮಾತ್ರ ಅದು ದಾಟುತ್ತಿರಲಿಲ್ಲ.

ಏಳುಕೆರೆಯಲ್ಲಿ ಒಂದು ಪದ್ಧತಿ. ಅಪಾಯ ಬಂದರೆ ನಗಾರಿ ಬಾರಿಸುವುದು, ಎಲ್ಲರೂ ಅರಮನೆಯ ಅಂಗಳಕ್ಕೆ ಓಡಿಬರುವುದು. ಹಿಂದಿನ ಸಲ ಬೆಕ್ಕು ಬಂದಾಗಲೂ ಹಾಗೇ ಮಾಡಿದರು. ಆ ಹೊತ್ತಿಗೆ ಅಂಗಳ ಮುಟ್ಟಿದ್ದ ಅರ್ಧ ಊರು ಅಲ್ಲೇ ಸತ್ತಿತು.

ಬೆಕ್ಕು ಮತ್ತೆ ಬರುತ್ತದೆ ಎಂದು ಬೆಟ್ಟ ಹೇಳಿತು. ರಾಜ ವೀರಭೂಪ ಸಭೆ ಕರೆದ. ಆ ಸಭೆಯಲ್ಲಿ ಬಿಳಿ ಮೀಸೆ ಇದ್ದವರಿಗೆ ಮಾತ್ರ ಮಾತು. ಮೀಸೆ ಮುಟ್ಟಿಕೊಂಡೇ ಮಾತಾಡಬೇಕು.

ಮಂತ್ರಿ ಭರಮಯ್ಯ ಮೀಸೆ ಮುಟ್ಟಿ ಹೇಳಿದ: "ಅಂಗಳಕ್ಕೆ ಇನ್ನೂ ಎತ್ತರದ ಗೋಡೆ ಕಟ್ಟೋಣ."

"ಬೆಕ್ಕಿಗೆ ಗೋಡೆಯಾ ಅಜ್ಜಾ?"

ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹೆಸರು ದ್ಯಾವಿ. ಅವಳ ತಾಯಿ ಆ ಅಂಗಳದಲ್ಲೇ ಸತ್ತಿದ್ದಳು. ಈಗ ಅವಳಿಗೆ ಉಳಿದವನು ತಮ್ಮ ಕೆಂಚ ಒಬ್ಬನೇ. ಅವಳ ತುಟಿಯ ಮೇಲೆ ಬೆಳ್ಳಗೆ ದಪ್ಪ ಮೀಸೆಯಿತ್ತು.

"ಇದು ಸುಣ್ಣ!" ಎಂದ ಭರಮಯ್ಯ.

"ಬಿಳೀದೇ ಅಲ್ವಾ?" ಎಂದು ದ್ಯಾವಿ ಅದನ್ನು ಮುಟ್ಟಿಕೊಂಡಳು. "ಆವತ್ತು ನಾವು ಹುಡುಗರು ಕಣ್ಣಾಮುಚ್ಚಾಲೆ ಆಡ್ತಿದ್ವಿ. ಒಬ್ಬೊಬ್ಬರು ಒಂದೊಂದು ಮಾಳಿಗೆ ಮೇಲೆ ಅಡಗಿದ್ವಿ. ಅದಕ್ಕೇ ಬದುಕಿದ್ವಿ. ಗುಂಪು ಕಂಡ ಮೇಲೇ ಬೆಕ್ಕು ಬೆಳೆದದ್ದು. ನಾವು ನೋಡಿದ್ದೀವಿ."

"ಯಾಕೆ ಹೇಳಲಿಲ್ಲ?" ಎಂದ ರಾಜ.

"ಕೇಳಿದ್ದು ಯಾರು, ದೊರೆ?"

ರಾಜ ಅವಳನ್ನು ಒಳಗೆ ಕರೆದ. ಆಮೇಲೆ ಹೇಳಿದ: "ಮೂರು ಸಲ ಸುಳ್ಳು ನಗಾರಿ ಬಾರಿಸುತ್ತೇನೆ. ಗುಂಪು ಸೇರದಂತೆ ನೀವು ಹುಡುಗರು ಜನರನ್ನು ಅವರವರ ಮನೆಯಲ್ಲಿ ನಿಲ್ಲಿಸಿ ತೋರಿಸಿ. ಮೂರನೆಯ ಸಲವೂ ಅಂಗಳ ತುಂಬಿದರೆ ಗೋಡೆ ಏಳುತ್ತದೆ."

ಮೊದಲ ನಗಾರಿ ಮೊಳಗಿತು. ಮನೆಯಲ್ಲಿರಿ ಎಂದು ಹುಡುಗರು ಬೀದಿ ಬೀದಿ ಸಾರಿದ್ದರು. ಆದರೂ ಎಲ್ಲರೂ ಓಡಿಬಂದರು.

"ಯಾಕಮ್ಮಾ ಬಂದೆ?" ಎಂದು ದ್ಯಾವಿ ಒಬ್ಬಳನ್ನು ಕೇಳಿದಳು.

"ನನ್ನ ಮಗಳು ಆಚೆ ಕೇರಿಯಲ್ಲಿದ್ದಾಳೆ. ಹೇಗಿದ್ದಾಳೋ ಅಂತ ಬಂದೆ."

ಹುಡುಗರು ಮಾಳಿಗೆಗಳನ್ನು ಹಂಚಿಕೊಂಡರು, ಒಂದಕ್ಕೆ ಒಬ್ಬರು. ಅಲ್ಲಿಂದ ಕೆಳಗಿನ ಮನೆಯನ್ನು ಕೇಳುವುದು: "ಇದ್ದೀರಾ?" ಕೆಳಗಿನವರು "ಇದ್ದೀವಿ" ಎಂದರೆ ಅದನ್ನು ಮುಂದಿನ ಮಾಳಿಗೆಗೆ ಕೂಗುವುದು. ಹಾಗೆ ಈ ಕೇರಿಯ ಸುದ್ದಿ ಆ ಕೇರಿಗೆ.

ಎರಡನೆಯ ನಗಾರಿ ಮೊಳಗಿತು. ಜನ ಮನೆಯಲ್ಲೇ ಉಳಿದರು. ಮಧ್ಯಾಹ್ನ ಕೊಡ ಹಿಡಿದು ಕೆರೆಗೆ ಹೊರಟರು. ಕೆರೆಯ ದಡದಲ್ಲಿ ಜಾತ್ರೆಯಷ್ಟು ಜನ.

"ನೀರು ಬೇಡ್ವೇನೇ ನಮಗೆ? ಗಾಳಿ ಕುಡಿಯೋಣವಾ?" ಎಂದು ಹೆಂಗಸರು ಬೈದರು. ದ್ಯಾವಿ ಒಪ್ಪಿದಳು. ಆಮೇಲೆ ಹುಡುಗರು ಸರದಿಯಂತೆ, ಒಬ್ಬೊಬ್ಬರೇ ಹೋಗಿ, ಹೊಸ್ತಿಲ ಹೊರಗೆ ನೀರಿಟ್ಟು ಬರತೊಡಗಿದರು.

ಮೂರನೆಯ ನಗಾರಿ ಮೊಳಗಿತು. ಸಂಜೆಯವರೆಗೂ ಅಂಗಳಕ್ಕೆ ಒಬ್ಬನೇ ಬಂದ. ಮಂತ್ರಿ ಭರಮಯ್ಯ.

"ನೀವೇ ಬರೋದಾ ಅಜ್ಜಾ?" ಎಂದಳು ದ್ಯಾವಿ.

"ಇಡೀ ಬೀದಿಯನ್ನು ಕೂಗಿ ಕೇಳಿದಿರಿ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ" ಎಂದ ಮುದುಕ. ದನಿ ಸಣ್ಣದಾಗಿತ್ತು.

"ತಪ್ಪು ನಮ್ಮದೇ. ನಿಮ್ಮ ಮಾಳಿಗೆ ಹತ್ತಲು ಎಲ್ಲರಿಗೂ ಹೆದರಿಕೆ. ಇನ್ನು ಕೆಂಚ ಬರ್ತಾನೆ."

"ಬರಲಿ" ಎಂದ ಭರಮಯ್ಯ. ಅಂಗಳದಲ್ಲೇ ಕಾಯುತ್ತಿದ್ದ ರಾಜನ ಕಡೆ ತಿರುಗಿ, "ಗೋಡೆ ಬೇಡ, ದೊರೆ" ಎಂದ.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಬೆಕ್ಕು ಬೆಟ್ಟದಿಂದ ಇಳಿಯಿತು. ನಗಾರಿ ಮೊಳಗಿತು, ಬೀದಿ ಖಾಲಿಯಾಯಿತು. ಕೆರೆಯ ಹತ್ತಿರ ಒಬ್ಬ ಹುಡುಗ ಸಿಕ್ಕ. ಅವನಿಗೆ ಜ್ವರ ಬಂತು, ಇಳಿಯಿತು. ಬೇರೆ ಯಾರೂ ಸಿಗಲಿಲ್ಲ. ಬೆಕ್ಕು ಬಡವಾಯಿತು, ಮರಿಯಷ್ಟಾಯಿತು.

ಗುಹೆಯಲ್ಲಿ ಧೂಮ್ರಕನಿಗೆ ಉಸಿರು ತೀರತೊಡಗಿತು. ಅವನೇ ಇಳಿದು ಬಂದ. ಖಾಲಿ ಅಂಗಳಕ್ಕೆ ನುಗ್ಗಿ ನಗಾರಿ ಬಾರಿಸಿದ. ಅದು ಮಾಯದ ಬಡಿತ. ಮನೆಮನೆಯಲ್ಲೂ ಕಾಲುಗಳು ತಾವಾಗಿ ಎದ್ದವು.

ಭರಮಯ್ಯನ ಕಾಲು ಹೊಸ್ತಿಲು ದಾಟಿತು. ಬೀದಿಯವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಹೋದರೆ ಅವರೂ ಹೋಗುತ್ತಿದ್ದರು.

ಮಾಳಿಗೆಯಿಂದ ಕೆಂಚ ಕೂಗಿದ: "ಅಜ್ಜಾ, ಇದ್ದೀರಾ?"

ಮುದುಕ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಾಲನ್ನು ಒಳಗೆಳೆದ.

"ಇದ್ದೀನಿ ಕಣೋ! ಕಿವಿ ಹರೀಬೇಡ!"

ಆ ಮಾತು ಮಾಳಿಗೆಯಿಂದ ಮಾಳಿಗೆಗೆ ಹೋಯಿತು. ಮನೆಮನೆಯಿಂದಲೂ ದನಿ ಎದ್ದಿತು. ಇದ್ದೀವಿ. ಇದ್ದೀವಿ. ಕಾಲುಗಳು ನಿಂತವು.

ಅಂಗಳಕ್ಕೆ ಬಂದದ್ದು ಬೆಕ್ಕು ಮಾತ್ರ. ಹಸಿದಿತ್ತು. ಅಲ್ಲಿ ಇದ್ದವನು ಒಬ್ಬನೇ. ತಾನು ಕೊಟ್ಟ ಉಸಿರನ್ನೆಲ್ಲ ಅದು ಹಿಂದಕ್ಕೆ ಕುಡಿಯಿತು. ಧೂಮ್ರಕ ಹೊಗೆಯಾಗಿ ಹೋದ. ಮಾಯೆ ಕಳೆದ ಬೆಕ್ಕು ನಗಾರಿಯ ಕೆಳಗೆ ಕೂತು ಮಿಯಾಂವ್ ಎಂದಿತು. ಕೆಂಚ ಅದನ್ನು ಮನೆಗೆ ಒಯ್ದು ಹಾಲಿಟ್ಟ.

ರಾಜ ಸಭೆಯ ಬಾಗಿಲಲ್ಲಿ ಒಂದು ಸುಣ್ಣದ ಬಟ್ಟಲು ಇಡಿಸಿದ. ಹುಡುಗರು ಮೀಸೆ ಬಳಿದುಕೊಂಡು ಒಳಗೆ ಬಂದು, ಹಿರಿಯರ ಪಕ್ಕದಲ್ಲಿ ಕೂತು ಮಾತಾಡಿದರು. ಬರಬರುತ್ತಾ ಬಳಿದುಕೊಳ್ಳದೆಯೇ ಬಂದರು. ಯಾರೂ ಮೀಸೆ ಎಲ್ಲಿ ಎನ್ನಲಿಲ್ಲ. ಬಟ್ಟಲಲ್ಲಿ ಸುಣ್ಣ ಒಣಗಿತು.

ಏಳುಕೆರೆಯವರು ಬಹುಕಾಲ ಸುಖವಾಗಿ ಬಾಳಿದರು. ಆದರೂ ವರ್ಷಕ್ಕೊಮ್ಮೆ ಸುಳ್ಳು ನಗಾರಿ ಬಾರಿಸುವುದನ್ನು ಬಿಡಲಿಲ್ಲ. ಆ ದಿನ ಭರಮಯ್ಯ ಬೆಳಗಿನಿಂದಲೇ ಬಾಗಿಲಲ್ಲಿ ಕೂತು ಮಾಳಿಗೆಯ ಕಡೆ ನೋಡುತ್ತಿದ್ದ.