ಬಲಗಡೆ ಬಿದ್ದ ಸಾಫ್ಟ್‌ವೇರ್

ನನ್ನ ಕುತ್ತಿಗೆಯ ಮೇಲೆ ಚಾಕು!

ಕಾತ್ರಜ್ ಕಡೆಯ ಖಾಲಿ ಶೆಡ್ಡು. ಹಿಡಿದವನ ಬಾಯಿ ತುಂಬ ಗುಟ್ಕಾ.

“ಮೀಟಿಂಗಿಗೆ ಹೋಗಬ್ಯಾಡ! ಪ್ರಲ್ಹಾದ ಸಾಹೇಬರ ಸಾಫ್ಟ್‌ವೇರ್ ಪಾಸಾಗೂತನಕ ಗಪ್ ಕೂಡು!”

ವೆಬ್‌ಸೈಟಿನ ಸಾಫ್ಟ್‌ವೇರಿಗೆ ಚಾಕು... 2007ರ ಪುಣೆ ಅಷ್ಟು ಮುಂದುವರಿದಿತ್ತು.

ಮೊಣಕಾಲೆತ್ತಿ ಹೊಡೆದೆ. ಅವನು ಗುಟ್ಕಾ ನುಂಗಿದ. ನಾನು ಬೈಕ್ ಹತ್ತಿದೆ.

ಕೇಳಿ. ಧನಕವಡಿಯ ನಮ್ಮ ವಧು-ವರ ಸಂಘಕ್ಕೊಂದು ವೆಬ್‌ಸೈಟು. ಸದಸ್ಯರು ಲಾಗಿನ್ ಆದರೆ ಮಾತ್ರ ಹುಡುಗಿಯರ ಫೋಟೊ, ಫೋನ್ ನಂಬರು ಕಾಣಬೇಕು. ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಸಿಎಂಎಸ್, ಯಾವುದು? ಸಂಘದ ಸದಸ್ಯ ಪ್ರಲ್ಹಾದ ತಾನೇ ಮಾಡಿ ಮಾರುವುದೋ, ಪುಕ್ಕಟೆ ಸಿಗುವ ಜೂಮ್ಲಾವೋ? ಇಲ್ಲಿ ಪಾಸಾದದ್ದನ್ನೇ ಸೊಲ್ಲಾಪುರ, ಮುಂಬೈ ಸಂಘಗಳೂ ಹಾಕಿಕೊಳ್ಳಲಿದ್ದವು.

ಪ್ರಲ್ಹಾದನದು ಆಗಲೇ ಟ್ರಯಲ್ ಮೇಲೆ ಓಡುತ್ತಿತ್ತು. ಅಂದಿನಿಂದ ಕಾರ್ಯದರ್ಶಿ ಉಮಾವತಿಯ ಮಗಳು ಶಿವಾನಿಗೆ ಗುರುತಿಲ್ಲದ ಗಂಡಸರ ಫೋನು. ಹೊಲಸು ಮಾತು. ಹುಡುಗಿ ಕಾಲೇಜು ಬಿಟ್ಟು ಮನೆ ಸೇರಿದ್ದಳು. ಕಂಪ್ಯೂಟರ್ ಬಲ್ಲ ನನ್ನನ್ನು ಉಮಾವತಿ ಮೀಟಿಂಗಿಗೆ ಕರೆದದ್ದು ಅದಕ್ಕೇ.

ಸಂಘದ ಹಾಲ್‌ಗೆ ನುಗ್ಗಿದೆ.

ಅಧ್ಯಕ್ಷ ಅವ್ವಣ್ಣ ವೀರಭದ್ರನ ಮೂರ್ತಿಯ ಮುಂದೆ ನಿಂತಿದ್ದ. ಮೂರ್ತಿಯ ಎರಡೂ ಭುಜದ ಮೇಲೆ ಒಂದೊಂದು ಹೂ.

“ಬಲಗಡೆ ಹೂ ಬಿದ್ದರ ಪ್ರಲ್ಹಾದಂದು. ಎಡಗಡೆ ಬಿದ್ದರ ಜೂಮ್ಲಾ. ದೇವರ ಹೇಳ್ತಾನ!”

ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರೂ ಕಣ್ಣು ಮುಚ್ಚಿ ಕೂತಿದ್ದರು. ಥೂ! ವೀರಭದ್ರನಿಗೆ ಸಾಫ್ಟ್‌ವೇರ್ ಆರಿಸುವ ಚಾಕರಿ!

ಬಲಗಡೆಯ ಹೂ ಬಿತ್ತು.

“ಹರ ಹರ ಮಹಾದೇವ!”

ಪ್ರಲ್ಹಾದ ನಕ್ಕ. ನನ್ನನ್ನು ನೋಡಿದ. ನಗು ಆರಿತು.

ಕಂಪ್ಯೂಟರ್ ಮುಂದೆ ಕೂತೆ. ಲಾಗೌಟ್ ಮಾಡಿದೆ. ಶಿವಾನಿಯ ಪುಟದ ವಿಳಾಸ ಟೈಪ್ ಮಾಡಿದೆ.

ಪಾಸ್‌ವರ್ಡ್ ಕೇಳಲೇ ಇಲ್ಲ! ಫೋಟೊ, ನಂಬರು... ಎಲ್ಲ ಬಯಲು!

“ಇದೇನೋ ನಿನ್ನ ಬೀಗ, ಹಲ್ಕಟ್!” ಪ್ರಲ್ಹಾದನಿಗೆ ಬೈದೆ.

ಉಮಾವತಿ ಚಪ್ಪಲಿ ಹುಡುಕಲು ಬಾಗಿಲಿಗೆ ಓಡಿದಳು.

“ಅಲ್ಲೋ ತಮ್ಮಾ... ದೇವರು ಹೂ ಕೊಟ್ಟಾನಲ್ಲ?” ಅವ್ವಣ್ಣ ತೊದಲಿದ.

“ಹೂ ಏರಿಸಿದವರು ಯಾರ್ರಿ?”

“ಪ್ರಲ್ಹಾದ. ಇವತ್ತಿನ ಪೂಜಾ ಅವಂದ...”

ದೇವರಿಗೆ ಕೈಮುಗಿದು ಎಡಗಡೆಯ ಹೂ ಎಳೆದೆ.

ಬರಲಿಲ್ಲ.

ಗೋಂದು!

ಪ್ರಲ್ಹಾದ ಬಾಗಿಲಿಗೆ ಓಡಿದ. ಬಾಗಿಲಲ್ಲಿ ಉಮಾವತಿ... ಕೈಯಲ್ಲಿ ಚಪ್ಪಲಿ. ಮುಂದಿನದನ್ನು ವೀರಭದ್ರ ಕಣ್ತುಂಬ ನೋಡಿದ.

ಅಲ್ಲೇ ಪ್ರಲ್ಹಾದನ ಕೈಯಿಂದಲೇ ಸೈಟು ಮುಚ್ಚಿಸಿದೆ. ಅಷ್ಟರಲ್ಲಿ ಅವ್ವಣ್ಣ ಹೊಸ ಹೂ ಹಿಡಿದು ಬಂದ.

“ಹಂಗಾದ್ರ... ಇನ್ನೊಮ್ಮೆ ಕೇಳೂಣೇನು?”

“ಬ್ಯಾಡ್ರಿ ಅಧ್ಯಕ್ಷರ. ಸಾಫ್ಟ್‌ವೇರ್ ಉಮಾವತಿ ಅಕ್ಕಾರು ಆರಿಸ್ತಾರ. ದೇವರಿಗೆ ನಿಮ್ಮನ್ನ ಕ್ಷಮಿಸೋ ಕೆಲಸನ ಭಾಳ ಅದ!”